ತೊಗರಿ ಹೊಲದ ಕೂಲಿ ಲೆಕ್ಕಕ್ಕೆ ಸಣ್ಣ ಆಪ್ ಮಾಡಿದ್ದೇನೆ, ಬಳಸಿ ನೋಡಿ ತಪ್ಪು ಹೇಳಿ

ಕಾಗಿಣಾ ದಂಡೆ, ಚಿತ್ತಾಪುರ ತಾಲೂಕು

ಎಲ್ಲರಿಗೂ ಶರಣು. ನಾನು ಕಲಬುರಗಿಯಲ್ಲಿ ಒಂದು ಅಂಗಡಿಯ ಕಂಪ್ಯೂಟರ್ ಲೆಕ್ಕ ನೋಡಿಕೊಳ್ಳುತ್ತೇನೆ. ಊರು ಕಾಗಿಣಾ ಹೊಳೆ ಹತ್ತಿರ. ಮನೆಯಲ್ಲಿ 9 ಎಕರೆ ಖುಷ್ಕಿ ಜಮೀನು, ತೊಗರಿ ಮತ್ತು ಹೆಸರು ಬೆಳೆಯುತ್ತೇವೆ. ರಾತ್ರಿ ಹೊತ್ತು ಕೂತು 8 ತಿಂಗಳಲ್ಲಿ ಒಂದು ಆಪ್ ಮಾಡಿದ್ದೇನೆ. ಹೆಸರು 'ಕೂಲಿ ವಹಿ'.

ಅದರ ಕೆಲಸ ಸಣ್ಣದು. ಹೊಲಕ್ಕೆ ಯಾರು ಯಾವ ದಿನ ಬಂದರು, ಪೂರ್ತಿ ದಿನವೋ ಅರ್ಧ ದಿನವೋ, ಉಚಲು (ಮುಂಗಡ) ಎಷ್ಟು ಕೊಟ್ಟಿದ್ದೇವೆ, ಬಟವಡೆ ದಿನ ಯಾರಿಗೆ ಎಷ್ಟು ಕೊಡಬೇಕು. ನಮ್ಮವ್ವ ಇದನ್ನೆಲ್ಲ ಒಂದು ವಹಿಯಲ್ಲಿ ಬರೆದಿಡುತ್ತಾಳೆ. ಕಳೆದ ವರ್ಷ ಮಳೆಯಲ್ಲಿ ಆ ವಹಿ ನೆನೆದು ಎರಡು ವಾರದ ಲೆಕ್ಕ ಹೋಯಿತು. ಕಸ ತೆಗೆಯಲು ಬಂದವರು ಬಾಯಲ್ಲಿ ಹೇಳಿದಷ್ಟು ಕೊಟ್ಟೆವು. ಯಾರೂ ಜಾಸ್ತಿ ಹೇಳಲಿಲ್ಲ. ಆದರೆ ಒಬ್ಬ ಹೆಣ್ಣುಮಗಳು ಮಾತ್ರ "ನಂದು ಒಂದಿನ ಕಡಿಮಿ ಬಂದದ" ಅಂತ ಇವತ್ತಿಗೂ ಅನ್ನುತ್ತಾಳೆ. ಒಂದು ದಿನದ ಕೂಲಿ ಅಂದರೆ ಆಕೆಯ ಮನೆಗೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಆ ಮಾತು ಮನಸ್ಸಿನಿಂದ ಹೋಗಲೇ ಇಲ್ಲ. ಆಪ್ ಶುರುವಾಗಿದ್ದು ಅಲ್ಲಿಂದ.

ಸದ್ಯ ಆಂಡ್ರಾಯ್ಡ್‌ಗೆ ಮಾತ್ರ ಇದೆ. ಪ್ಲೇ ಸ್ಟೋರಿಗೆ ಆಪ್ ಹಾಕುವವರ ಖಾತೆಗೆ ಒಮ್ಮೆ 25 ಡಾಲರ್ ಕಟ್ಟಿದರೆ ಆಯಿತು. ಆಪಲ್‌ಗೆ ವರ್ಷಕ್ಕೆ 99 ಡಾಲರ್, ಅದು ಈಗ ಬೇಡ ಅಂದುಕೊಂಡೆ. 2023ರ ನವೆಂಬರ್ 13ರ ನಂತರ ವೈಯಕ್ತಿಕ ಖಾತೆ ತೆರೆದವರು ಆಪ್ ಅನ್ನು ಎಲ್ಲರಿಗೂ ಬಿಡುವ ಮೊದಲು ಕ್ಲೋಸ್ಡ್ ಟೆಸ್ಟ್, ಅಂದರೆ ಆಯ್ದ ಕೆಲವರಿಗೆ ಮಾತ್ರ ಕೊಟ್ಟು ನೋಡುವ ಪರೀಕ್ಷೆ, ಮಾಡಲೇಬೇಕು. ಕನಿಷ್ಠ 12 ಜನ, ಸತತ 14 ದಿನ. ಮೊದಲು 20 ಜನ ಬೇಕಿತ್ತು, 2024ರ ಡಿಸೆಂಬರ್‌ನಲ್ಲಿ 12ಕ್ಕೆ ಇಳಿಸಿದರು.

12 ಜನ ಸಿಕ್ಕಿದ್ದಾರೆ. ಎಲ್ಲ ಕಾಕಾನ ಮಕ್ಕಳು, ಗೆಳೆಯರು. ಎಲ್ಲರೂ "ಮಸ್ತ್ ಅದ" ಅಂದರು. ಅವರ ಫೋನ್ ಇಸಕೊಂಡು ನೋಡಿದರೆ ಒಬ್ಬರೂ ಒಂದು ಹಾಜರಿ ಕೂಡ ಹಾಕಿಲ್ಲ. ಹೊಲ ಇರುವವರು, ಕೂಲಿ ಲೆಕ್ಕ ಇಡುವವರು ಯಾರಾದರೂ ಬಳಸಿ ನೋಡಿ, ಎಲ್ಲಿ ಕೈ ನಿಂತಿತು ಅಂತ ಹೇಳ್ತೀರಾ? ಮೆಸೇಜ್ ಮಾಡಿದರೆ ಲಿಂಕ್ ಕಳಿಸುತ್ತೇನೆ.

ಬಿದ್ರಿ ಬೆಳ್ಳಿ, ಬೀದರ್

ಅಭಿನಂದನೆ ತಮ್ಮ. ನಮ್ಮ ಭಾಗದ ಹುಡುಗರು ಇಂಥದ್ದು ಮಾಡಬೇಕು. ಹಾಕಿಕೊಂಡು ನೋಡಿದೆ, ಬಣ್ಣ ಚೆನ್ನಾಗಿದೆ. 5 ಸ್ಟಾರ್ ಕೊಡೋಣ ಅಂತ ಹೋದರೆ ಅದು ಹೊರಗೆ ಕಾಣಲ್ಲ ಅಂತ ತೋರಿಸುತ್ತಿದೆ, ಯಾಕೆ?

ಕಾಗಿಣಾ ದಂಡೆ

ಧನ್ಯವಾದ ಅಣ್ಣ. ಕ್ಲೋಸ್ಡ್ ಟೆಸ್ಟ್‌ನಲ್ಲಿ ಬರೆದದ್ದು ನನಗೆ ಮಾತ್ರ ಬರುತ್ತದೆ, ಸ್ಟೋರಿನ ರೇಟಿಂಗ್‌ಗೆ ಸೇರುವುದಿಲ್ಲ. ಹಾಗಾಗಿ ಧೈರ್ಯವಾಗಿ ಬೈದು ಬರೆಯಬಹುದು. ಒಂದು ಉಪಕಾರ ಮಾಡಿ ಅಣ್ಣ, ಇವತ್ತು ಒಬ್ಬರ ಹೆಸರು ಸೇರಿಸಿ ಒಂದು ಹಾಜರಿ ಹಾಕಿ. ಎಷ್ಟು ಸಲ ಒತ್ತಬೇಕಾಯಿತು ಅಂತ ಎಣಿಸಿ ಹೇಳಿ.

ಸೇಡಂನವ, ಈಗ ಬೆಂಗಳೂರು

ತಮ್ಮ, ನಾನು 11 ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೇನೆ. ನಿಮ್ಮ ಕಾಕಾನ ಮಕ್ಕಳು "ಮಸ್ತ್ ಅದ" ಅಂದಿದ್ದು ನಿಮ್ಮ ಮುಖ ನೋಡಿ. ಅವರಿಗೆ ನಿಮ್ಮ ಮೇಲೆ ಪ್ರೀತಿ ಇದೆ, ಅದು ಒಳ್ಳೆಯದೇ. ಆದರೆ ಅದರಿಂದ ಆಪ್ ಒಂದು ಚೂರೂ ಸುಧಾರಿಸಲ್ಲ.

"ಹೆಂಗದ?" ಅಂತ ಯಾರನ್ನೂ ಕೇಳಬೇಡಿ. ಆ ಪ್ರಶ್ನೆಗೆ ಬರುವ ಉತ್ತರ ಒಂದೇ. "ಹೋದ ವಾರ ಬಟವಡೆ ಹೆಂಗ ಮಾಡಿದ್ರಿ, ಯಾರದಾದರೂ ಲೆಕ್ಕ ತಪ್ಪಿತಾ?" ಅಂತ ಕೇಳಿ. ನಡೆದದ್ದನ್ನು ಕೇಳಿದರೆ ಜನ ನಿಜ ಹೇಳುತ್ತಾರೆ. "ಹಿಂಗ್ ಮಾಡಿದ್ರೆ ಬಳಸ್ತೀರಾ?" ಅಂದರೆ ಸುಮ್ನೆ ಹೂಂ ಅನ್ನುತ್ತಾರೆ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಪಕ್ಕದಲ್ಲಿ ಕೂತು ನೋಡಿ. ಫೋನ್ ಕೈಗೆ ಕೊಡಿ, ಒಂದೇ ಕೆಲಸ ಹೇಳಿ, ಆಮೇಲೆ ಬಾಯಿ ಮುಚ್ಚಿಕೊಂಡಿರಿ. ಅವರು ತಪ್ಪು ಜಾಗ ಒತ್ತುತ್ತಾರೆ, ನಿಮ್ಮ ಕೈ ತಡೆಯಲ್ಲ, "ಅಲ್ಲಲ್ಲ, ಈ ಕಡೆ" ಅನ್ನಬೇಕು ಅನಿಸುತ್ತದೆ. ಅನ್ನಬೇಡಿ. ಮುಂದೆ ಸ್ಟೋರಿನಿಂದ ಹಾಕಿಕೊಂಡವರ ಪಕ್ಕದಲ್ಲಿ ನೀವು ಇರಲ್ಲ ಅಲ್ವಾ?

ಎಷ್ಟು ಜನರನ್ನು ನೋಡಬೇಕು ಅಂದರೆ, ಬಳಸಲು ಎಷ್ಟು ಸುಲಭ ಅಂತ ಪರೀಕ್ಷಿಸುವುದರಲ್ಲಿ ತಜ್ಞರಾದ ಯಾಕೋಬ್ ನೀಲ್ಸನ್ ಅನ್ನುವವರು 2000ದಲ್ಲಿ ಬರೆದದ್ದು ನಮ್ಮ ಕೆಲಸದಲ್ಲಿ ಎಲ್ಲರಿಗೂ ಗೊತ್ತು. 5 ಜನ ಬಳಸುವುದನ್ನು ನೋಡಿದರೆ ತೊಂದರೆಗಳಲ್ಲಿ ಸುಮಾರು ಶೇ. 85ರಷ್ಟು ಸಿಕ್ಕಿಬೀಳುತ್ತವೆ ಅನ್ನುತ್ತಾರೆ. ಆದರೆ ಬಳಸುವವರು ಬೇರೆ ಬೇರೆ ಥರದವರಾದರೆ ಪ್ರತಿ ಥರದಿಂದಲೂ 3-4 ಜನ ಬೇಕು ಅಂತಲೂ ಅವರೇ ಹೇಳಿದ್ದಾರೆ. ನಿಮ್ಮದರಲ್ಲಿ ಹೊಲದ ಒಡೆಯರು ಒಂದು ಥರ, ಗುಂಪು ಕಟ್ಟಿಕೊಂಡು ಬರುವವರು ಒಂದು ಥರ.

ಇನ್ನೊಂದು ಮಾತು. "ನೀನು ನಂದು ಹಾಕಿಕೊ, ನಾನು ನಿಂದು ಹಾಕಿಕೊಳ್ತೀನಿ" ಅನ್ನುವ ಗುಂಪುಗಳು ಇವೆ. 12ರ ಎಣಿಕೆ ತುಂಬಬಹುದು, ಆದರೆ ಅವರಲ್ಲಿ ಕೂಲಿ ಲೆಕ್ಕ ಇಡುವವರು ಒಬ್ಬರೂ ಇರಲ್ಲ. 14 ದಿನ ಮುಗಿದ ಮೇಲೆ ಗೂಗಲ್ ಕೇಳುವ ಪ್ರಶ್ನೆಗಳಲ್ಲಿ ಟೆಸ್ಟರ್‌ಗಳು ಏನು ಹೇಳಿದರು, ಅದರಿಂದ ಏನು ಬದಲಾಯಿಸಿದಿರಿ ಅಂತಲೂ ಇರುತ್ತದೆ. ಆಗ ಬರೆಯಲು ನಿಜವಾದದ್ದು ಏನಾದರೂ ಇರಲಿ.

ಆಳಂದ ಟೀಚರ್

ಹಾಕಿಕೊಂಡು ನೋಡಿದೆ. ನಮ್ಮ ಮನೆಯಲ್ಲೂ 4 ಎಕರೆ ಇದೆ, ಕೂಲಿಯವರು ಬರುತ್ತಾರೆ. ಹೆಸರು ಸೇರಿಸುವುದು ಸಲೀಸಾಯಿತು.

ಆದರೆ ಸೆಟ್ಟಿಂಗ್ಸ್‌ನಲ್ಲಿ 'ಗಂಡಾಳು ರೇಟು', 'ಹೆಣ್ಣಾಳು ರೇಟು' ಅಂತ ಎರಡು ಮನೆ ಇಟ್ಟಿದ್ದೀರಿ. ಅದನ್ನು ನೋಡಿ ಬೇಜಾರಾಯಿತು ತಮ್ಮ. ಊರಲ್ಲಿ ಹಾಗೆ ನಡೆಯುತ್ತದೆ ಅಂತ ನನಗೂ ಗೊತ್ತು. ಒಂದೇ ಕೆಲಸಕ್ಕೆ ಗಂಡಸು ಹೆಂಗಸು ಅಂತ ಕೂಲಿಯಲ್ಲಿ ಭೇದ ಮಾಡಬಾರದು ಅಂತ 1976ರಲ್ಲೇ ಕಾನೂನು ಬಂದಿದೆ. ವಹಿಯಲ್ಲಿ ಬರೆಯುವಾಗ ಅದು ಆ ಮನೆಯವರ ತೀರ್ಮಾನ. ಆಪ್‌ನಲ್ಲಿ ಮೊದಲೇ ಅಚ್ಚು ಹಾಕಿಟ್ಟರೆ "ಹಿಂಗೇ ಇರಬೇಕು" ಅಂತ ನೀವು ಹೇಳಿದ ಹಾಗೆ ಆಗುತ್ತದೆ. ದಯವಿಟ್ಟು ತೆಗೆಯಿರಿ.

ಶಹಾಬಾದ ಕಲ್ಲು

ಟೀಚರ್, ನಿಮ್ಮ ಮಾತು ಸರಿ. ಆದರೆ ವ್ಯವಹಾರದಲ್ಲಿ ಇರುವುದನ್ನು ಆಪ್ ತೋರಿಸದಿದ್ದರೆ ರೈತರು ಅದನ್ನು ಬಳಸಲ್ಲ. ಔಷಧ ಹೊಡೆಯಲು ಬರುವವರಿಗೆ ಒಂದು ರೇಟು, ಕಸ ತೆಗೆಯುವವರಿಗೆ ಒಂದು ರೇಟು. ಬೆನ್ನ ಮೇಲೆ ಪಂಪು ಹೊತ್ತು ಸುತ್ತುವ ಕೆಲಸ ಬೇರೆ ಅಲ್ವಾ? ನಮ್ಮಲ್ಲಿ ಸದ್ಯ ಅದನ್ನು ಗಂಡಸರೇ ಮಾಡುತ್ತಾರೆ.

ಆಳಂದ ಟೀಚರ್

ಹಾಗಿದ್ದರೆ ರೇಟನ್ನು ಕೆಲಸದ ಮುಂದೆ ಬರೆಯಿರಿ ಅಣ್ಣ. ಔಷಧ ಹೊಡೆಯುವುದಕ್ಕೆ ಇಷ್ಟು, ಕಸ ತೆಗೆಯುವುದಕ್ಕೆ ಇಷ್ಟು. ನಾಳೆ ಹೆಣ್ಣುಮಗಳೊಬ್ಬಳು ಪಂಪು ಹೊತ್ತರೆ ಆಕೆಗೂ ಅದೇ ರೇಟು ಬರಲಿ.

ಕಾಗಿಣಾ ದಂಡೆ

ಟೀಚರ್, ನೀವು ಹೇಳಿದ್ದು ನಾಟಿತು. ಅವ್ವನ ವಹಿಯಲ್ಲಿ ಇದ್ದದ್ದನ್ನು ನೋಡಿ ಹಾಗೇ ಮಾಡಿದ್ದೆ. ಯೋಚನೆಯೇ ಮಾಡಿರಲಿಲ್ಲ. ನಿನ್ನೆ ರಾತ್ರಿ ಕೂತು ಆ ಎರಡು ಮನೆ ತೆಗೆದೆ. ಈಗ ರೇಟು ಕೆಲಸಕ್ಕೆ ಅಂಟಿಕೊಂಡಿದೆ: ಕಸ, ಎಡೆ, ಔಷಧ, ರಾಶಿ. ಶಹಾಬಾದ ಅಣ್ಣ, ನಿಮ್ಮ ಲೆಕ್ಕವೂ ಇದರಲ್ಲಿ ಕೂಡುತ್ತದೆ. ಕೋಡ್ ಕೂಡ ಚಿಕ್ಕದಾಯಿತು.

ಹತ್ತಿ ಹೊಲ, ಶಹಾಪುರ

ನಾನು ಯಾದಗಿರಿ ಜಿಲ್ಲೆಯವಳು. ಹೆಣ್ಣುಮಕ್ಕಳ ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತೇನೆ. ನಿಮ್ಮ ಆಪ್ ನಮ್ಮ ಕಡೆ ಅರ್ಧ ಕೆಲಸಕ್ಕೆ ಮಾತ್ರ ಆಗುತ್ತದೆ. ಹತ್ತಿ ಬಿಡಿಸಲು ಹೋದರೆ ನಮಗೆ ಹಾಜರಿ ಇಲ್ಲ, ಕಿಲೋ ಲೆಕ್ಕ. ಸಂಜೆ ತೂಕ ಮಾಡಿ ಇವಳದು ಇಷ್ಟು, ಅವಳದು ಇಷ್ಟು ಅಂತ ಬರೆಯುತ್ತಾರೆ. ಕಾಲುವೆ ನೀರಿನ ಕಡೆ ನಾಟಿ ಹಚ್ಚುವುದಾದರೆ ಎಕರೆಗೆ ಇಷ್ಟು ಅಂತ ಗುತ್ತಿಗೆ. ಬಂದ ಹಣವನ್ನು ಗುಂಪಿನವರು ಹಂಚಿಕೊಳ್ಳುತ್ತಾರೆ.

ಇನ್ನೊಂದು ಮುಖ್ಯ ಮಾತು. ಲೆಕ್ಕ ಒಡೆಯರ ಹತ್ತಿರ ಮಾತ್ರ ಇದ್ದರೆ ನಮಗೇನು ಬಂತು? ನಿಮ್ಮ ಊರಿನ ಆ ಹೆಣ್ಣುಮಗಳ ಒಂದು ದಿನ ಕಡಿಮೆ ಬಂತು ಅಂದಿರಿ. ಆ ದಿನ ನಿಜವಾಗಿ ಇತ್ತೋ ಇಲ್ಲವೋ ಅಂತ ಆಕೆ ಎಲ್ಲಿ ನೋಡಬೇಕು?

ಕಾಗಿಣಾ ದಂಡೆ

ಅಕ್ಕ, ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಈಗ ಉತ್ತರ ಇಲ್ಲ. ಯೋಚಿಸುತ್ತೇನೆ. ಕಿಲೋ ಲೆಕ್ಕ ಮುಂದಿನ ಸಲ ಸೇರಿಸುತ್ತೇನೆ, ಹತ್ತಿ ಬಿಡಿಸುವ ಹೊತ್ತಿಗೆ ಬೇಕೇ ಬೇಕು. ಗುತ್ತಿಗೆ ಹಂಚಿಕೆ ಮಾತ್ರ ಸದ್ಯ ಬೇಡ ಅನ್ನಿಸುತ್ತದೆ. ಒಂದೊಂದು ಗುಂಪಿನಲ್ಲಿ ಹಂಚುವ ರೀತಿ ಬೇರೆ. ಎಲ್ಲವನ್ನೂ ತುರುಕಿದರೆ ನಮ್ಮವ್ವನಿಗೇ ಕಷ್ಟ ಆಗುತ್ತದೆ.

ದಾಲ್ ಮಿಲ್ ಗುಮಾಸ್ತ, ಕಲಬುರಗಿ

ಮಿಲ್ಲಿನಲ್ಲಿ ಹಮಾಲರ ಹಾಜರಿ ಹಾಕಲು ಮೂರು ದಿನ ಬಳಸಿದೆ. ಒಂದು ದೋಷ ಸಿಕ್ಕಿತು. ನನ್ನದು 2 ಜಿಬಿ ರ್ಯಾಮ್ ಇರುವ ಹಳೆ ಫೋನ್, ಆಂಡ್ರಾಯ್ಡ್ 10. ಇವತ್ತಿನ ಹಾಜರಿ ತೆರೆದು 7 ಜನರಿಗೆ ಗುರುತು ಹಾಕಿದ್ದೆ. ಲಾರಿ ಡ್ರೈವರ್ ಫೋನ್ ಬಂತು. ನಾಲ್ಕು ನಿಮಿಷ ಮಾತಾಡಿ, ವಾಟ್ಸಾಪ್‌ನಲ್ಲಿ ಬಿಲ್ಲಿನ ಫೋಟೊ ನೋಡಿ ಬಂದರೆ ಆಪ್ ಮೊದಲಿನಿಂದ ಶುರುವಾಯಿತು. 7 ಗುರುತೂ ಇಲ್ಲ. ಮತ್ತೆ ಎರಡು ಸಲ ಹಾಗೇ ಮಾಡಿ ನೋಡಿದೆ. ಬರೀ ಕರೆ ಬಂದರೆ ಹೋಗಲ್ಲ. ಕರೆ ಮುಗಿಸಿ ಕ್ಯಾಮರಾ ಅಥವಾ ವಾಟ್ಸಾಪ್ ತೆರೆದರೆ ಹೋಗುತ್ತದೆ. ಮಗನ ಹೊಸ ಫೋನಿನಲ್ಲಿ ಹೋಗಲಿಲ್ಲ.

ಕಾಗಿಣಾ ದಂಡೆ

ಅಣ್ಣ, ಇಷ್ಟು ಚೊಕ್ಕವಾಗಿ ಬರೆದಿದ್ದಕ್ಕೆ ನಿಮಗೆ ಹೇಗೆ ಧನ್ಯವಾದ ಹೇಳಲಿ. ಯಾವ ಫೋನ್, ಏನು ಮಾಡುತ್ತಿದ್ದಿರಿ, ಎಲ್ಲಿ ಹೋಯಿತು, ಎಲ್ಲಿ ಹೋಗಲಿಲ್ಲ, ಎಲ್ಲ ಇದೆ. ಹತ್ತು ನಿಮಿಷದಲ್ಲಿ ಕಾರಣ ಸಿಕ್ಕಿತು. ರ್ಯಾಮ್ ಸಾಲದೆ ಹೋದಾಗ ಆಂಡ್ರಾಯ್ಡ್ ಹಿಂದೆ ಇರುವ ಆಪ್‌ಗಳನ್ನು ತಾನೇ ಮುಚ್ಚುತ್ತದೆ. ನಾನು ಕೊನೆಯ ಬಟನ್ ಒತ್ತಿದ ಮೇಲೆ ಮಾತ್ರ ಉಳಿಸುವ ಹಾಗೆ ಬರೆದಿದ್ದೆ. ಈಗ ಒಂದೊಂದು ಗುರುತು ಹಾಕಿದ ಕೂಡಲೇ ಡೇಟಾಬೇಸಿಗೆ ಹೋಗುತ್ತದೆ. ನನ್ನ ಫೋನಿನಲ್ಲಿ 8 ಜಿಬಿ ಇದೆ. ಹಾಗಾಗಿ 8 ತಿಂಗಳಲ್ಲಿ ಒಮ್ಮೆಯೂ ಇದು ಕಾಣಲಿಲ್ಲ. ಹೊಸದನ್ನು ಕಳಿಸಿದ್ದೇನೆ, ಅದೇ ಫೋನಿನಲ್ಲಿ ಇನ್ನೊಮ್ಮೆ ನೋಡಿ.

ಕಾಗಿಣಾ ದಂಡೆ

ಸೇಡಂ ಅಣ್ಣ ಹೇಳಿದ ಹಾಗೆ ಮಾಡಿದೆ. ರವಿವಾರ ಊರಿಗೆ ಹೋಗಿದ್ದೆ. ಎರಡು ದಿನದ ಹಿಂದೆ ಮಳೆ ಬಿದ್ದಿತ್ತು, ಎರೆಮಣ್ಣು ಚಪ್ಪಲಿಗೆ ಹತ್ತಿ ಹೆಜ್ಜೆ ಎತ್ತಲು ಆಗುತ್ತಿರಲಿಲ್ಲ. ತೊಗರಿ ಸಾಲಿನಲ್ಲಿ ಕಸ ತೆಗೆಯಲು 11 ಹೆಣ್ಣುಮಕ್ಕಳು ಬಂದಿದ್ದರು. ಮಧ್ಯಾಹ್ನ ಬದುವಿನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದರು. ನನಗೂ ರೊಟ್ಟಿ ಮೇಲೆ ಪುಂಡಿಪಲ್ಯ ಹಾಕಿ ಕೊಟ್ಟರು. ಉಂಡ ಮೇಲೆ, ಗುಂಪು ಕಟ್ಟಿಕೊಂಡು ಬರುವ ಅಕ್ಕನ ಕೈಗೆ ಫೋನ್ ಕೊಟ್ಟು "ಇವತ್ತ ಬಂದವರ ಹಾಜರಿ ಹಾಕ್ರಿ ಅಕ್ಕ" ಅಂದೆ. ಆಮೇಲೆ ಸುಮ್ಮನೆ ಕೂತೆ.

ಅಕ್ಕ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಸ್ಕ್ರೀನ್ ಕಾಣಲಿಲ್ಲ. ಬಿಳಿ ಮೇಲೆ ತೆಳು ಬೂದು ಬಣ್ಣದ ಅಕ್ಷರ ಇಟ್ಟಿದ್ದೆ. ರಾತ್ರಿ ಮನೆಯಲ್ಲಿ ನನಗೆ ಅದು ಚೆಂದ ಕಂಡಿತ್ತು. ಅಕ್ಕ ಫೋನಿನ ಮೇಲೆ ಸೆರಗು ಹೊದಿಸಿ, ಒಳಗೆ ಬಗ್ಗಿ ನೋಡಿದಳು. ಒಂದು ಹೆಸರು ಒತ್ತಿದಳು. ಅದು ಊರು, ಫೋನ್ ನಂಬರ್ ಇರುವ ಪುಟಕ್ಕೆ ಹೋಯಿತು. ಹಿಂದೆ ಬಂದಳು. ಮತ್ತೆ ಹೆಸರನ್ನೇ ಒತ್ತಿದಳು. ಮೂರು ಸಲ ಹಾಗಾಯಿತು. ಗುರುತು ಹಾಕುವ ಚೌಕ ಬಲಗಡೆ ಮೂಲೆಯಲ್ಲಿ, ಜೋಳದ ಕಾಳಿನಷ್ಟು ಇತ್ತು. ನಾನು ಹಲ್ಲು ಕಚ್ಚಿ ಕೂತೆ.

ನಾಲ್ಕನೇ ಸಲ ಫೋನ್ ನನ್ನ ಕೈಗೆ ಕೊಟ್ಟು "ನಾ ಬಾಯಿಲೆ ಹೇಳ್ತೀನಿ, ನೀ ಬರಕೊ ತಮ್ಮ" ಅಂದಳು. ಹೇಳಿದ್ದು ಇವತ್ತಿನದು ಮಾತ್ರವಲ್ಲ. ಹೋದ ಬಟವಡೆಯಿಂದ ಇವತ್ತಿನವರೆಗೆ ಯಾರು ಎಂದು ಬಂದರು, ಯಾರು ಮಧ್ಯಾಹ್ನ ಮಗುವಿಗೆ ಜ್ವರ ಅಂತ ಮನೆಗೆ ಹೋದರು, ಎಲ್ಲವನ್ನೂ ತಡವರಿಸದೆ ಹೇಳಿದಳು. ನಾನು ಬೆರಳಾಡಿಸುವಷ್ಟರಲ್ಲಿ ಆಕೆ ಐದು ಹೆಸರು ಮುಂದೆ ಹೋಗಿರುತ್ತಿದ್ದಳು. ಇಂಥವರ ಕೈಗೆ ಕೊಡುವ ಆಪ್ ಅವರ ಬಾಯಿಯಷ್ಟೇ ಬೇಗ ಓಡಬೇಕು.

ಆ ಗುಂಪಿನಲ್ಲಿ ಒಂದೇ ಹೆಸರಿನವರು ಮೂವರು ಇದ್ದಾರೆ. ಅವರನ್ನು 'ಗುಡಿ ಹತ್ತಿರದಾಕಿ', 'ಮ್ಯಾಲಿನ ಓಣ್ಯಾಕಿ' ಅಂತ ಕರೆಯುತ್ತಾರೆ. ಆಪ್‌ನಲ್ಲಿ ಮೂರು ಸಾಲೂ ಒಂದೇ ಥರ ಕಾಣುತ್ತಿದ್ದವು. ಮನೆಗೆ ಬಂದು ಅವ್ವನಿಗೂ ಕೊಟ್ಟೆ. ಅವ್ವ ಓದಲು ಬಲ್ಲಳು. 'ದೃಢೀಕರಿಸಿ' ಅಂತ ಇದ್ದಲ್ಲಿ ನಿಂತು "ಇದೇನ ಬರದೀ ಇಲ್ಲಿ?" ಅಂದಳು. ನಿನ್ನೆಯ ಹಾಜರಿ ಹಾಕಲು ಹೋದರೆ ಆಪ್ ಬಿಡಲಿಲ್ಲ. ಅವ್ವ ಎರಡು ಮೂರು ದಿನಕ್ಕೊಮ್ಮೆ ಒಟ್ಟಿಗೆ ಬರೆಯುವವಳು ಅಂತ ನನಗೆ ಗೊತ್ತಿತ್ತು, ಆದರೂ ಹಾಗೆ ಬರೆದಿದ್ದೆ.

ಮೂರು ರಾತ್ರಿ ಕೂತು ಬದಲಾಯಿಸಿದೆ. ಈಗ ಹೆಸರಿನ ಮೇಲೆ ಎಲ್ಲಿ ಒತ್ತಿದರೂ ಹಾಜರಿ ಬೀಳುತ್ತದೆ. ಅಕ್ಷರ ಕಪ್ಪು, ದಪ್ಪ. ಹೆಸರಿನ ಕೆಳಗೆ 'ಗುರುತು' ಅಂತ ಒಂದು ಸಾಲು, 'ಗುಡಿ ಹತ್ತಿರದಾಕಿ' ಅಂತ ಬರೆದುಕೊಳ್ಳಲು. 'ದೃಢೀಕರಿಸಿ' ಹೋಗಿ 'ಬರೆದಿಡು' ಬಂತು, 'ಪಾವತಿ' ಹೋಗಿ 'ಬಟವಡೆ' ಬಂತು. ಹಸಿರು ಟಿಕ್ ಇದ್ದಲ್ಲಿ ಅವ್ವನ ವಹಿಯಲ್ಲಿ ಇದ್ದ ಹಾಗೆ ಪೂರ್ತಿ ದಿನಕ್ಕೆ ಉದ್ದ ಗೀಟು, ಅರ್ಧ ದಿನಕ್ಕೆ ಗಿಡ್ಡ ಗೀಟು.

ಸೇಡಂನವ, ಈಗ ಬೆಂಗಳೂರು

ಓದಿ ತುಂಬಾ ಖುಷಿಯಾಯಿತು ತಮ್ಮ. ಆ ಗೀಟು ಎಂದಿಗೂ ತೆಗೆಯಬೇಡಿ. ಅದನ್ನು ಯಾರಿಗೂ ಕಲಿಸಿಕೊಡಬೇಕಾಗಿಲ್ಲ. ಒಂದು ಎಚ್ಚರಿಕೆ ಹೇಳುತ್ತೇನೆ. ಹೆಸರಿನ ಮೇಲೆ ಎಲ್ಲಿ ಒತ್ತಿದರೂ ಹಾಜರಿ ಬಿದ್ದರೆ, ಫೋನ್ ಜೇಬಿಗೆ ಹಾಕುವಾಗ ತಪ್ಪಿ ಬಿದ್ದ ಹಾಜರಿಯೂ ಸೇರುತ್ತದೆ. 'ತಪ್ಪಾಯ್ತು, ತೆಗಿ' ಅಂತ ಒಂದು ಬಟನ್ ಕೆಳಗೆ ಕೆಲವು ಸೆಕೆಂಡ್ ನಿಲ್ಲಲಿ. ಹಳೆಯ 12 ಜನರನ್ನು ಪಟ್ಟಿಯಿಂದ ತೆಗೆಯಬೇಡಿ, ಸತತ 14 ದಿನ ಇಲ್ಲದವರು ಎಣಿಕೆಗೆ ಬರಲ್ಲ. ಹೊಸಬರನ್ನು ಮೇಲೆ ಸೇರಿಸುತ್ತಾ ಹೋಗಿ.

ಬಿದ್ರಿ ಬೆಳ್ಳಿ, ಬೀದರ್

ತಮ್ಮ, ನೀವು ಹೇಳಿದ ಹಾಗೆ ಎಣಿಸಿದೆ. ಹಳೆಯದರಲ್ಲಿ ಒಂದು ಹಾಜರಿಗೆ 6 ಸಲ ಒತ್ತಬೇಕಿತ್ತು, ಹೊಸದರಲ್ಲಿ 2 ಸಲ. ಒಂದು ಅನುಮಾನ ಇದೆ. ಇಷ್ಟು ಜನರ ಹೆಸರು, ದುಡ್ಡಿನ ಲೆಕ್ಕ ಎಲ್ಲಿ ಹೋಗಿ ಕೂಡುತ್ತದೆ? ಫೋನ್ ಹೊಳೆಗೆ ಬಿದ್ದರೆ ಏನು ಗತಿ?

ಕಾಗಿಣಾ ದಂಡೆ

ಒಳ್ಳೆಯ ಪ್ರಶ್ನೆ ಅಣ್ಣ. ಎಲ್ಲ ಫೋನಿನಲ್ಲೇ ಇರುತ್ತದೆ. ಇಂಟರ್ನೆಟ್ ಅನುಮತಿಯನ್ನೇ ಆಪ್ ಕೇಳುವುದಿಲ್ಲ, ಹಾಗಾಗಿ ಅದು ತಾನಾಗಿ ನನಗೂ ಏನೂ ಕಳಿಸಲು ಆಗಲ್ಲ. ಆಪ್ ಯಾವ ಮಾಹಿತಿ ತೆಗೆದುಕೊಳ್ಳುತ್ತದೆ ಅಂತ ಹೇಳಬೇಕಾದ ಪ್ಲೇ ಸ್ಟೋರಿನ ಡೇಟಾ ಸೇಫ್ಟಿ ಫಾರ್ಮ್‌ನಲ್ಲೂ ಹಾಗೇ ಬರೆದಿದ್ದೇನೆ. ಕೂಲಿಯವರ ಲೆಕ್ಕ ಬೇರೆ ಯಾರ ಕೈಗೂ ಸಿಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಫೋನ್ ಹೋದರೆ ಲೆಕ್ಕವೂ ಹೋಗುತ್ತದೆ ಅನ್ನುವುದು ನಿಜ. ನೆನೆದ ವಹಿಯ ಕಥೆಯೇ ಮತ್ತೆ ಆಗಬಾರದು. ಈಗ ಬಟವಡೆ ಮುಗಿದ ಕೂಡಲೇ 'ಒಂದು ಪ್ರತಿ ಕಳಿಸು' ಅಂತ ಕೇಳುತ್ತದೆ. ಒತ್ತಿದರೆ ಪೂರ್ತಿ ಲೆಕ್ಕದ ಫೈಲ್ ಆಗುತ್ತದೆ, ನೀವು ವಾಟ್ಸಾಪ್‌ನಲ್ಲಿ ಮಗನಿಗೋ ತಮ್ಮನಿಗೋ ಕಳಿಸಿಟ್ಟುಕೊಳ್ಳಬಹುದು. ಹೊಸ ಫೋನಿನಲ್ಲಿ ಆ ಫೈಲ್ ತೆರೆದರೆ ಎಲ್ಲ ವಾಪಸ್ ಬರುತ್ತದೆ.

ದಾಲ್ ಮಿಲ್ ಗುಮಾಸ್ತ, ಕಲಬುರಗಿ

ಅದೇ ಹಳೆ ಫೋನಿನಲ್ಲಿ ನೋಡಿದೆ. ಕರೆ, ವಾಟ್ಸಾಪ್, ಕ್ಯಾಮರಾ ಎಲ್ಲ ಮಾಡಿ ಬಂದರೂ ಗುರುತು ಹಾಗೇ ಇದೆ. ಸರಿಹೋಗಿದೆ. ತಿಂಗಳ ಒಟ್ಟು ಲೆಕ್ಕದಲ್ಲಿ ಉಚಲು ಕಳೆದ ಮೇಲೆ ಬರುವ ಮೊತ್ತ ಮಾತ್ರ ಕಾಣುತ್ತದೆ. ಮೊದಲು ದುಡಿದದ್ದು ಎಷ್ಟು, ಉಚಲು ಎಷ್ಟು, ಉಳಿದದ್ದು ಎಷ್ಟು ಅಂತ ಮೂರೂ ಕಾಣಬೇಕು. ಇಲ್ಲದಿದ್ದರೆ ಹಮಾಲರು ಒಪ್ಪಲ್ಲ, ಒಪ್ಪಲೂ ಬಾರದು.

ಕಾಗಿಣಾ ದಂಡೆ

ಆಯಿತು ಅಣ್ಣ, ಇವತ್ತೇ ಸೇರಿಸುತ್ತೇನೆ.

ಶಹಾಪುರದ ಅಕ್ಕ, ನಿಮ್ಮ ಪ್ರಶ್ನೆ ಅಂದಿನಿಂದ ತಲೆಯಲ್ಲಿದೆ. ಒಂದು ದಾರಿ ಹೊಳೆದಿದೆ. ಬಟವಡೆ ಪುಟದಲ್ಲಿ ಒಂದು ಹೆಸರು ಒತ್ತಿದರೆ ಸ್ಕ್ರೀನ್ ತುಂಬ ಆಕೆಯದು ಮಾತ್ರ ಬರುತ್ತದೆ. ಮೇಲೆ ವಾರದ ಗೀಟುಗಳು, ಕೆಳಗೆ ದುಡಿದದ್ದು, ಉಚಲು, ಉಳಿದದ್ದು. ಅಂಕಿ ದೊಡ್ಡದಾಗಿ. ಫೋನ್ ಆಕೆಯ ಕಡೆ ತಿರುಗಿಸಿ ತೋರಿಸಬೇಕು. ಓದಲು ಬಾರದವರಿಗೆ ಫೋನಿನಲ್ಲಿ ಕನ್ನಡ ಧ್ವನಿ ಇದ್ದರೆ ಆಪ್ ಜೋರಾಗಿ ಓದಿ ಹೇಳುತ್ತದೆ. ಆಕೆ 'ಸರಿ' ಒತ್ತುವವರೆಗೆ ಆ ಲೆಕ್ಕ ಮುಗಿಯುವುದಿಲ್ಲ. ಲೆಕ್ಕದ ಚಿತ್ರವನ್ನು ಆಕೆಯ ಮನೆಯ ಯಾರದಾದರೂ ಫೋನಿಗೂ ಕಳಿಸಬಹುದು.

ನಮ್ಮೂರಿನ ಆ ಹೆಣ್ಣುಮಗಳಿಗೆ ಮೊನ್ನೆ ತೋರಿಸಿದೆ. ಗೀಟಿನ ಮೇಲೆ ಒಂದೊಂದಾಗಿ ಬೆರಳಿಟ್ಟು ಎಣಿಸಿದಳು. ಎರಡು ಸಲ ಎಣಿಸಿ 'ಸರಿ' ಒತ್ತಿದಳು. ಆದರೆ ಅದು ನಮ್ಮ ಮನೆಯಂಗಳ, ನಾನು ಎದುರಿಗೆ ಇದ್ದೆ. ತಪ್ಪು ಇದ್ದಿದ್ದರೆ ಆಕೆ 'ಇಲ್ಲ' ಅಂತ ಒತ್ತುತ್ತಿದ್ದಳಾ? ಅದು ನನಗೆ ಇನ್ನೂ ಗೊತ್ತಾಗಬೇಕು. ಗುರುವಾರ 14 ದಿನ ಮುಗಿಯುತ್ತದೆ. ಸ್ಟೋರಿಗೆ ಅರ್ಜಿ ಹಾಕುವ ಮೊದಲು ನಿಮ್ಮ ಕಡೆಯವರು ಒಮ್ಮೆ ನೋಡಬೇಕು ಅಕ್ಕ. ನಾನು ಬರಬಹುದಾ?

ಹತ್ತಿ ಹೊಲ, ಶಹಾಪುರ

ಬನ್ನಿ ತಮ್ಮ. ಶನಿವಾರ ಸಂಜೆ ನಮ್ಮ ಸಂಘದವರ ಬಟವಡೆ ಇದೆ, 14 ಜನ ಇರುತ್ತಾರೆ. ನೀವು ಗುಡಿ ಕಟ್ಟೆ ಮೇಲೆ ಕೂತಿರಿ, ಫೋನ್ ನನ್ನ ಕೈಗೆ ಕೊಡಿ. ಮೂವರ ಲೆಕ್ಕದಲ್ಲಿ ಬೇಕಂತಲೇ ಒಂದು ಗೀಟು ಕಡಿಮೆ ಹಾಕಿ ತೋರಿಸೋಣ, 'ಇಲ್ಲ' ಒತ್ತುತ್ತಾರೋ ನೋಡೋಣ. ದುಡ್ಡು ಕೊಡುವ ಮೊದಲು ನಾನೇ ಅವರಿಗೆ ಹೇಳಿ ಸರಿ ಮಾಡುತ್ತೇನೆ. ನಿಮ್ಮ ಫೋನ್ ಬೇಡ. ಇಲ್ಲಿ ನಮ್ಮ ಹತ್ತಿರ ಇರುವ ಹಳೆ ಫೋನಿಗೇ ಹಾಕಿ ಕೊಡಿ.